ಕುದುರೆ ಸುಮ್ಮನೆ ನಡೆದರೆ ಮಾರ್ಕ್ಸ್ ಯಾಕೆ ಸಾರ್?

ಪ್ರಶ್ನೆ ನನ್ನದಲ್ಲ, ಏಳನೇ ತರಗತಿಯ ಒಬ್ಬ ಹುಡುಗನದು. ಮಳೆ ಬಂದು ಆಟದ ಪೀರಿಯಡ್ ಕೆಟ್ಟಿತ್ತು. ಮಕ್ಕಳು ಗಲಾಟೆ ಮಾಡದಿರಲಿ ಅಂತ ಫವಾದ್ ಮಿರ್ಜಾ ಅವರ ಕುದುರೆ ಸವಾರಿಯ ವಿಡಿಯೋ ತೋರಿಸುತ್ತಿದ್ದೆ. ಬೆಂಗಳೂರಿನ ಹುಡುಗ, ಒಲಿಂಪಿಕ್ಸ್‌ಗೆ ಹೋದವನು, ನಮ್ಮ ಹಿಂದೂಪುರದಿಂದ ರೈಲು ಹತ್ತಿದರೆ ಸಿಗುವ ಊರಿನವನು ಅಂತ ಜಂಬದಿಂದಲೇ ಪರಿಚಯ ಮಾಡಿಕೊಟ್ಟೆ. ಮಕ್ಕಳು ಬೇಲಿ ಹಾರುವುದನ್ನು, ನೀರಿಗೆ ಧುಮುಕುವುದನ್ನು ನೋಡಲು ಕಾದು ಕೂತಿದ್ದರು. ಆದರೆ ವಿಡಿಯೋದಲ್ಲಿ ಮೊದಲು ಬಂದದ್ದು ಕೋಟು ಹಾಕಿದ ಒಬ್ಬ ಸವಾರ, ಮರಳಿನ ಅಂಗಳದಲ್ಲಿ ತಲೆ ಬಾಗಿಸಿ ಮೆಲ್ಲಗೆ ಹೆಜ್ಜೆ ಹಾಕುವ ಒಂದು ಕುದುರೆ. ಹುಡುಗ ಎದ್ದು ನಿಂತ.

"ಸಾರ್, ಮದುವೆ ಮೆರವಣಿಗೆ ಕುದುರೇನೂ ಹೀಗೇ ನಡೆಯುತ್ತೆ. ಸುಮ್ಮನೆ ನಡೆದರೆ ಮಾರ್ಕ್ಸ್ ಯಾಕೆ ಸಾರ್?"

ತರಗತಿಗೆ ತರಗತಿಯೇ ನಕ್ಕಿತು. ನಾನೂ ನಕ್ಕೆ. ಉತ್ತರ ಗೊತ್ತಿರಲಿಲ್ಲ ನೋಡಿ! ಗೊತ್ತಿಲ್ಲದಾಗ ನಗುವುದು ಮೇಷ್ಟ್ರುಗಳ ಹಳೇ ಉಪಾಯ. ಆಮೇಲೆ ಅದು ತಲೆಯಲ್ಲಿ ಕೊರೆಯತೊಡಗಿತು. ಕೆಲವು ತಿಂಗಳು ಈ ಆಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ನೋಡಿದೆ. ನಾನು ಕುದುರೆ ಹತ್ತಿದವನಲ್ಲ, ಚಿಕ್ಕವನಿದ್ದಾಗ ಸ್ಟೇಷನ್ನಿನಿಂದ ಜಟಕಾದಲ್ಲಿ ಬಂದದ್ದಷ್ಟೇ ಅನುಭವ. ಆದರೂ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ಮೊದಲು ಆಟ ಏನು ಅಂತ ತಿಳಿಯೋಣ. ಇವೆಂಟಿಂಗ್ ಅಂದರೆ ಒಂದೇ ಕುದುರೆ, ಒಬ್ಬನೇ ಸವಾರ, ಮೂರು ಪರೀಕ್ಷೆ. ಮೊದಲನೆಯದು ಡ್ರೆಸಾಜ್. ಫ್ರೆಂಚಿನಲ್ಲಿ ಆ ಮಾತಿಗೆ ಪಳಗಿಸುವುದು, ತರಬೇತಿ ಕೊಡುವುದು ಅಂತ ಅರ್ಥ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳದಲ್ಲಿ ಮೊದಲೇ ಗೊತ್ತುಮಾಡಿದ ಚಲನೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ಮಾಡಿ ತೋರಿಸಬೇಕು. ಎರಡನೆಯದು ಕ್ರಾಸ್ ಕಂಟ್ರಿ, ಅಂದರೆ ಬಯಲಿನಲ್ಲಿ ದಿಮ್ಮಿ, ಹಳ್ಳ, ನೀರು ದಾಟಿಕೊಂಡು ನಾಗಾಲೋಟ. ಮೂರನೆಯದು ಷೋ ಜಂಪಿಂಗ್, ಮುಟ್ಟಿದರೆ ಬೀಳುವ ಕಂಬಗಳನ್ನು ಹಾರುವುದು.

ಈಗ ಲೆಕ್ಕ. ಡ್ರೆಸಾಜ್‌ನಲ್ಲಿ ತೀರ್ಪುಗಾರರು ಪ್ರತಿ ಚಲನೆಗೂ 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. ಒಟ್ಟು ಶೇಕಡಾವಾರು ತೆಗೆದು ನೂರರಲ್ಲಿ ಕಳೆಯುತ್ತಾರೆ. ಶೇ. 72 ಬಂದರೆ ನಿಮ್ಮ ಹೆಸರಿನ ಮುಂದೆ 28 ಅಂತ ಬೀಳುತ್ತದೆ. ಅದು ದಂಡ, ಕಡಿಮೆ ಇದ್ದಷ್ಟೂ ಒಳ್ಳೆಯದು. ಕ್ರಾಸ್ ಕಂಟ್ರಿಯಲ್ಲಿ ತಡವಾದ ಪ್ರತಿ ಸೆಕೆಂಡಿಗೆ 0.40, ಜಂಪಿಂಗ್‌ನಲ್ಲಿ ಒಂದು ಕಂಬ ಬಿದ್ದರೆ 4, ಇವೆಲ್ಲ ಆ ಅಂಕಕ್ಕೆ ಸೇರುತ್ತಾ ಹೋಗುತ್ತವೆ. ಗಮನಿಸಿ, ಸೇರುತ್ತವೆ ಅಷ್ಟೇ. ಎಷ್ಟೇ ಚೆನ್ನಾಗಿ ಹಾರಿದರೂ ಮೊದಲ ಪರೀಕ್ಷೆಯ ದಂಡದಲ್ಲಿ ಒಂದು ಚೂರೂ ಕಮ್ಮಿಯಾಗುವುದಿಲ್ಲ. ನಡಿಗೆಯಲ್ಲಿ ಕಳೆದುಕೊಂಡದ್ದನ್ನು ಓಟದಲ್ಲಿ ಗಳಿಸುವ ದಾರಿಯೇ ಇಲ್ಲ.

2018ರ ಜಕಾರ್ತಾ ಏಷ್ಯನ್ ಗೇಮ್ಸ್ ನೆನಪಿಸಿಕೊಳ್ಳಿ. ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಫವಾದ್ ಡ್ರೆಸಾಜ್‌ನಲ್ಲಿ 22.40 ಅಂಕ ಪಡೆದು ಮೊದಲಿಗರಾಗಿದ್ದರು. ಕ್ರಾಸ್ ಕಂಟ್ರಿ ಮುಗಿದ ಮೇಲೂ ಮೊದಲಿಗರೇ. ಕೊನೆಯಲ್ಲಿ ಒಂದು ಕಂಬ ಬಿತ್ತು. 4 ಸೇರಿ 26.40 ಆಯಿತು. ಜಪಾನಿನ ಯೋಶಿಯಾಕಿ ಓಯ್ವಾ 22.70ಕ್ಕೆ ಚಿನ್ನ ಗೆದ್ದರು. "ಅಯ್ಯೋ, ಒಂದು ಕಂಬದಿಂದ ಚಿನ್ನ ಹೋಯಿತಲ್ಲ" ಅಂತ ಎಲ್ಲರೂ ಮರುಗಿದೆವು. ಆದರೆ ಪಟ್ಟಿಯ ಮೂರನೇ ಸಾಲನ್ನು ಎಷ್ಟು ಜನ ನೋಡಿದೆವು? ಕಂಚು ಗೆದ್ದ ಚೀನಾದ ಹುವಾ ಟಿಯಾನ್ ಅವರದು 27.10. ಫವಾದ್‌ಗೂ ಅವರಿಗೂ ಅಂತರ ಬರೀ 0.70. ಡ್ರೆಸಾಜ್‌ನಲ್ಲಿ ಶೇಕಡಾ ಒಂದು ಅಂಕ ಕಡಿಮೆ ಬಂದಿದ್ದರೂ ಆ ಬೆಳ್ಳಿ ಕಂಚಾಗುತ್ತಿತ್ತು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ರಘುವೀರ್ ಸಿಂಗ್ ಚಿನ್ನ ಗೆದ್ದಿದ್ದರು. ಆಮೇಲೆ 36 ವರ್ಷಕ್ಕೆ ಭಾರತಕ್ಕೆ ಬಂದ ವೈಯಕ್ತಿಕ ಪದಕದ ಬಣ್ಣವನ್ನು ನಿರ್ಧರಿಸಿದ್ದು ನಮ್ಮ ಹುಡುಗ ನಗಾಡಿದನಲ್ಲ, ಆ "ಸುಮ್ಮನೆ ನಡೆಯುವ" ಪರೀಕ್ಷೆ!

ಇದಕ್ಕೆ ಪಕ್ಕದಲ್ಲೇ 2024ರ ಪ್ಯಾರಿಸ್ ಒಲಿಂಪಿಕ್ಸ್ ಇಟ್ಟು ನೋಡಿ. ಜರ್ಮನಿಯ ಮೈಕೆಲ್ ಯುಂಗ್ ಡ್ರೆಸಾಜ್‌ನಲ್ಲಿ 17.80. ಮುಂದೆ 4 ಸೇರಿ 21.80 ಆಯಿತು. ಆಸ್ಟ್ರೇಲಿಯಾದ ಕ್ರಿಸ್ಟೋಫರ್ ಬರ್ಟನ್ ಡ್ರೆಸಾಜ್‌ನಲ್ಲಿ 22.40, ಕೊನೆಗೂ ಅದೇ 22.40. ಅಂದರೆ ಬರ್ಟನ್ ನಂತರದ ಪರೀಕ್ಷೆಗಳಲ್ಲಿ ಒಂದು ಅಂಕದ ದಂಡವನ್ನೂ ತೆರಲಿಲ್ಲ. ಆದರೂ ಬೆಳ್ಳಿ. 4 ಅಂಕ ದಂಡ ತೆತ್ತ ಯುಂಗ್‌ಗೆ ಚಿನ್ನ. ಅದು 2012 ಮತ್ತು 2016ರ ನಂತರ ಅವರ ಮೂರನೇ ವೈಯಕ್ತಿಕ ಒಲಿಂಪಿಕ್ ಚಿನ್ನ. ಫವಾದ್‌ಗೆ ಜಕಾರ್ತಾದಲ್ಲಿ ಎರಡನೆಯವರ ಮೇಲಿದ್ದ ಮುನ್ನಡೆ 0.30, ಯುಂಗ್‌ಗೆ ಬರ್ಟನ್ ಮೇಲಿದ್ದದ್ದು 4.60. ಒಂದು ತಪ್ಪನ್ನು ತಾಳಿಕೊಳ್ಳುವ ಶಕ್ತಿ ಅಂದರೆ ಇದೇ. ಆ ಶಕ್ತಿ ಮೊದಲ ಪರೀಕ್ಷೆಯಲ್ಲೇ ಕೂಡಿಟ್ಟದ್ದು.

ಸರಿ, ಹಾಗಾದರೆ ದೊಡ್ಡ ಸವಾರರು ಈ ಪರೀಕ್ಷೆಯಲ್ಲಿ ಗೆಲ್ಲುವುದು ಹೇಗೆ? ಒಳ್ಳೆಯ ಕುದುರೆ ಕೊಂಡರೆ ಸಾಕೇ?

ಇವೆಂಟಿಂಗ್ ಕುದುರೆಯ ಕಷ್ಟವೇ ಬೇರೆ. ಮುಂದಿನ ಪರೀಕ್ಷೆಯ ನಾಗಾಲೋಟಕ್ಕೆ ತಯಾರಾದ ಕುದುರೆ ಅದು. ಮೈತುಂಬ ಕಸುವು, ಕಿವಿ ನಿಮಿರಿದೆ, ಚಪ್ಪಾಳೆ ಸದ್ದಾದರೆ ಬೆದರುತ್ತದೆ. ಅಂಥದ್ದನ್ನು ಹೊಡೆದು ಸುಮ್ಮನಾಗಿಸಿದರೆ ಅಥವಾ ಬೆವರಿಳಿಯುವಷ್ಟು ಓಡಿಸಿ ಸುಸ್ತು ಮಾಡಿ ತಂದರೆ ನಡಿಗೆಯಲ್ಲಿ ಜೀವ ಇರುವುದಿಲ್ಲ, ಅಂಕವೂ ಬರುವುದಿಲ್ಲ. ಕಸುವು ಪೂರ್ತಿ ಇರಬೇಕು, ಆದರೆ ಅದು ಸವಾರ ಕೇಳಿದಾಗ ಮಾತ್ರ ಹೊರಗೆ ಬರಬೇಕು. ಅದಕ್ಕೇ ಬಲ್ಲವರು ಅಂಗಳಕ್ಕೆ ಹೋಗುವ ಮುಂಚಿನ ಅಭ್ಯಾಸ ಎಷ್ಟು ಹೊತ್ತು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಕುದುರೆ ಕುದುರೆಗೂ ಬೇರೆ ಬೇರೆಯಾಗಿ ತಿಳಿದಿರುತ್ತಾರೆ.

ಎರಡನೆಯದು ಕೂರುವ ರೀತಿ. ಕಲಿಯುವವನು ಆಯ ತಪ್ಪಿದಾಗ ಲಗಾಮು ಹಿಡಿದು ಜೋತುಬೀಳುತ್ತಾನೆ. ಕುದುರೆಯ ಬಾಯಿಗೆ ನೋವು. ಅದು ತಲೆ ಕೊಡವುತ್ತದೆ. ಒಳ್ಳೆಯ ಸವಾರನ ಆಯ ಸೊಂಟದಲ್ಲಿ, ತೊಡೆಯಲ್ಲಿ ಇರುತ್ತದೆ. ಕೈ ಬಿಡುವಾಗಿರುತ್ತದೆ. ಆ ಕೈ ಕುದುರೆಯ ಜೊತೆ ಮಾತಾಡಲಿಕ್ಕೆ ಮಾತ್ರ. ಡ್ರೆಸಾಜ್‌ನಲ್ಲಿ ಬಾಯಿಂದ ಸದ್ದು ಮಾಡಿ ಕುದುರೆಗೆ ಹೇಳುವುದೂ ತಪ್ಪೇ. ಎಲ್ಲ ಸಂಜ್ಞೆಯೂ ನೋಡುವವರ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿರಬೇಕು. ಹಿಂದೂಪುರದಲ್ಲಿ ನನ್ನನ್ನು ಕೂರಿಸಿಕೊಂಡು ಬರುತ್ತಿದ್ದ ಜಟಕಾ ತಾತನ ಚಾಟಿ ಗೂಟಕ್ಕೆ ಸಿಕ್ಕಿಸಿದಲ್ಲೇ ಇರುತ್ತಿತ್ತು. ಲಗಾಮನ್ನು ಎರಡು ಬೆರಳಲ್ಲಿ ಸ್ವಲ್ಪ ಮಿಸುಕಿಸುತ್ತಿದ್ದ, ಕುದುರೆ ತಿರುಗುತ್ತಿತ್ತು. ಆಗ ಅದು ವಿದ್ಯೆ ಅಂತ ನನಗೆ ಹೊಳೆದಿರಲಿಲ್ಲ.

ಮೂರನೆಯದು, ಮುಂಚಿತವಾಗಿ ಎಚ್ಚರಿಸುವುದು. ಸವಾರರು ಅದನ್ನು ಹಾಫ್ ಹಾಲ್ಟ್ ಅನ್ನುತ್ತಾರೆ. ತಿರುವು ಬರುವ ಮುಂಚೆ, ವೇಗ ಬದಲಿಸುವ ಮುಂಚೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಸವಾರ ಆಳವಾಗಿ ಕೂತು ಕೈ ಮುಚ್ಚಿ ಬಿಡುತ್ತಾನೆ. "ಈಗ ಏನೋ ಕೇಳುತ್ತೇನೆ, ಸಿದ್ಧವಾಗು" ಅಂತ. ನಾವು ಪ್ರಶ್ನೆ ಕೇಳಿ, ಒಂದು ಗಳಿಗೆ ತಡೆದು, ಆಮೇಲೆ ಮಗುವಿನ ಹೆಸರು ಕರೆಯುತ್ತೇವಲ್ಲ, ಹಾಗೆ. ಹೆಸರು ಮೊದಲು ಕರೆದರೆ ಮಗು ಬೆಚ್ಚುತ್ತದೆ.

ನಾಲ್ಕನೆಯದು ನೇರ. ನಮ್ಮ ಕಡೆ ಶೇಂಗಾ ಬಿತ್ತುವಾಗ ಕೂರಿಗೆಯ ಮೊದಲ ಸಾಲು ಸೊಟ್ಟಗಾದರೆ ಹೊಲವೆಲ್ಲ ಸೊಟ್ಟಗೆ. ಅಂಗಳದ ಸುತ್ತ ಅಕ್ಷರಗಳ ಫಲಕ ನೆಟ್ಟಿರುತ್ತಾರೆ. ಸವಾರನ ಮೈ ಆ ಅಕ್ಷರದ ಎದುರಿಗೆ ಬಂದಾಗಲೇ ಚಲನೆ ಬದಲಾಗಬೇಕು. ಮೂಲೆಗಳನ್ನು ಕದಿಯದೆ ಪೂರ್ತಿ ಹೋಗಬೇಕು, ನಿಂತಾಗ ನಾಲ್ಕು ಕಾಲೂ ಸಮನಾಗಿರಬೇಕು. ಸಾಧಾರಣ ಕುದುರೆಗೂ ಸಿಗುವ ಅಂಕಗಳಿವು, ಶ್ರದ್ಧೆಯ ಅಂಕಗಳು. ಒಂದು ಚಲನೆ ಕೆಟ್ಟರೆ ಅದರ ಅಂಕ ಅಲ್ಲಿಗೇ ಮುಗಿಯಿತು. ಮುಂದಿನದಕ್ಕೆ ಹೊಸ ಹತ್ತು ಅಂಕ. ಕೆಟ್ಟದ್ದನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗುವ ಮನಸ್ಸು ದೊಡ್ಡ ಸವಾರರಿಗಿರುತ್ತದೆ.

ಇವೆಲ್ಲ ಸ್ಪರ್ಧೆಯ ದಿನ ಬರುವಂಥವಲ್ಲ. ಫವಾದ್ ಅವರ ತಂದೆ ಕುದುರೆಗಳ ವೈದ್ಯರು. ಮಗ ಚಿಕ್ಕಂದಿನಿಂದ ಲಾಯದ ವಾಸನೆಯಲ್ಲಿ ಬೆಳೆದವರು. ಬೆಂಗಳೂರಿನ ಎಂಬೆಸಿ ಸವಾರಿ ಶಾಲೆಯ ಬೆಂಬಲದಿಂದ ಜರ್ಮನಿಗೆ ಹೋಗಿ ಬೆಟ್ಟಿನಾ ಹೋಯ್, ಆಮೇಲೆ ಸಾಂಡ್ರಾ ಔಫಾರ್ಟ್ ಅವರಂಥ ಒಲಿಂಪಿಯನ್ನರ ಹತ್ತಿರ ಕಲಿತರು.

ಇಲ್ಲಿಗೆ ಕಲ್ಯಾಣದುರ್ಗದ ಕಡೆ ಕನ್ನಡ ಶಾಲೆಯಲ್ಲಿರುವ ನನ್ನ ಸ್ನೇಹಿತರು ಬಾಯಿ ಹಾಕುತ್ತಾರೆ. "ಮೇಷ್ಟ್ರೇ, ದುಡ್ಡಿದ್ದವರ ಆಟ ಕಟ್ಟಿಕೊಂಡು ನಮಗೇನ್ರೀ? ಅದೂ ಅಲ್ಲದೆ ಟೋಕಿಯೋದಲ್ಲಿ ಏನಾಯ್ತು? ನಡಿಗೇಲಿ ಒಂಬತ್ತನೇ ಸ್ಥಾನ, ಕೊನೆಗೆ ಇಪ್ಪತ್ತಮೂರು. ನಿಮ್ಮ ಡ್ರೆಸಾಜ್ ಏನು ಕಾಪಾಡ್ತು?"

ದುಡ್ಡಿನ ಮಾತು ನಿಜ, ಒಪ್ಪಿದೆ. ಎರಡನೆಯದಕ್ಕೆ ಲೆಕ್ಕ ನೋಡೋಣ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಫವಾದ್ ಡ್ರೆಸಾಜ್ 28.00. ಕ್ರಾಸ್ ಕಂಟ್ರಿಯಲ್ಲಿ 28 ಸೆಕೆಂಡು ತಡ, ಅಂದರೆ 11.20. ಜಂಪಿಂಗ್‌ನ ಮೊದಲ ಸುತ್ತಿನಲ್ಲಿ 8. ಒಟ್ಟು 47.20. ಚಿನ್ನ ಗೆದ್ದ ಜರ್ಮನಿಯ ಜೂಲಿಯಾ ಕ್ರಾಯೆವ್‌ಸ್ಕಿ ಡ್ರೆಸಾಜ್‌ನಲ್ಲಿ 25.20, ಕೊನೆಗೆ 26.00. ಆದ್ದರಿಂದ ಡ್ರೆಸಾಜ್ ಒಂದರಿಂದಲೇ ಗೆಲ್ಲಲಾಗದು, ಸ್ನೇಹಿತರ ಮಾತು ಅಷ್ಟರಮಟ್ಟಿಗೆ ಸರಿ. ಆದರೆ ಅಂತಿಮ ಸುತ್ತಿಗೆ ಹೋಗುವುದು 25 ಜನ, ಫವಾದ್ ಹೋದದ್ದು 25ನೆಯವರಾಗಿ! ಕೊನೆಯ ಸುತ್ತಿನಲ್ಲಿ 12.40 ಸೇರಿ 59.60ಕ್ಕೆ 23ನೇ ಸ್ಥಾನ. ಭಾರತದ ಇವೆಂಟಿಂಗ್ ಸವಾರರೊಬ್ಬರು ಒಲಿಂಪಿಕ್ಸ್‌ನ ಆ ಅಂತಿಮ ಸುತ್ತು ಕಂಡದ್ದು ಆ 28.00 ಇದ್ದದ್ದರಿಂದ. ಡ್ರೆಸಾಜ್ ಚಿನ್ನ ತಂದುಕೊಡದಿರಬಹುದು, ಕೆಟ್ಟ ದಿನದಲ್ಲಿ ಬಾಗಿಲಾಚೆ ದಬ್ಬಿಸಿಕೊಳ್ಳದಂತೆ ಹಿಡಿದಿಡುತ್ತದೆ.

ಅದೂ ಅಲ್ಲದೆ, ಈ ನಯದ ವಿದ್ಯೆ ನಮ್ಮವರಿಗೆ ಒಗ್ಗದು ಅನ್ನುವವರಿದ್ದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬರೀ ಡ್ರೆಸಾಜ್‌ನ ತಂಡ ಸ್ಪರ್ಧೆಯಲ್ಲೇ ಭಾರತ ಚಿನ್ನ ಗೆದ್ದಿತು. ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರವಾಲಾ ಆ ನಾಲ್ವರು.

ಈಗ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಹೋದ ವರ್ಷ ಏಳನೇ ತರಗತಿಯ ಗಟ್ಟಿಓದು ಮತ್ತು ಕಾಪಿ ಬರಹದ ಪೀರಿಯಡ್ಡನ್ನು ತೆಗೆದು ಪ್ರಶ್ನೋತ್ತರ ಉರು ಹೊಡೆಸಲು ಇಟ್ಟುಕೊಂಡವನು ನಾನೇ. ಯಾರೂ ಹೇಳಿರಲಿಲ್ಲ. "ಕನ್ನಡ ಮೀಡಿಯಂ ಮಕ್ಕಳು ಹಿಂದೆ ಬೀಳುತ್ತಾರೆ" ಅಂತ ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿದ್ದರು. ನನಗೆ ಭಯ. ಬೇಗ ಬೇಗ ಓಡಿಸೋಣ, ಹಾರಿಸೋಣ ಅನ್ನುವ ಅವಸರ. ಪರೀಕ್ಷೆಯಲ್ಲಿ ಉತ್ತರ ಬಂತು. ಆದರೆ ಕಾಣದ ಒಂದು ಪ್ಯಾರಾ ಕೊಟ್ಟು ಓದು ಅಂದರೆ ಅರ್ಧ ಮಕ್ಕಳು ಅಲ್ಪವಿರಾಮದ ಹತ್ತಿರವೇ ಎಡವಿದರು. ವಿಡಿಯೋ ನೋಡಿ ನಕ್ಕ ಆ ಹುಡುಗನೂ ಅವರಲ್ಲೊಬ್ಬ. ನಿಧಾನವಾಗಿ, ನೇರವಾಗಿ, ತಡವರಿಸದೆ ತನ್ನ ಮಾತಿನಲ್ಲಿ ಓದುವುದನ್ನು ನಾನು ಸುಮ್ಮನೆ ನಡೆಯುವುದು ಅಂತ ತಿಳಿದಿದ್ದೆ. ಅದಕ್ಕೂ ಅಂಕ ಉಂಟು, ಮುಂದಿನ ಎಲ್ಲ ತರಗತಿಗಳ ಪಟ್ಟಿಯಲ್ಲಿ ಅದು ಕೂತಿರುತ್ತದೆ ಅಂತ ಹೊಳೆಯಲಿಲ್ಲ.

ಈ ವಾರದಿಂದ ಆ ಪೀರಿಯಡ್ ವಾಪಸ್ ತಂದಿದ್ದೇನೆ. ದಿನಕ್ಕೆ ಹದಿನೈದು ನಿಮಿಷ, ಚಾಟಿ ಇಲ್ಲದೆ. ಆ ಹುಡುಗನಿಗೆ ಜಕಾರ್ತಾದ ಮೂರು ಸಾಲು ಬೋರ್ಡಿನ ಮೇಲೆ ಬರೆದು ತೋರಿಸಿದೆ: 22.70, 26.40, 27.10. ಅವನೇ ಕಳೆದು ನೋಡಿ 0.70 ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮದುವೆ ಕುದುರೆಗೂ ಕಲಿಸಬಹುದಾ ಸಾರ್?" ಅಂದ.

ಕಲಿಸಬಹುದಪ್ಪ ಅಂದೆ. ಈ ಸಲ ನಗಲಿಲ್ಲ.

ನಿಮ್ಮ ಶಾಲೆಯಲ್ಲಿ ಗಟ್ಟಿಓದಿನ ಪೀರಿಯಡ್ ಉಳಿದಿದೆಯೇ? ಉಳಿದಿದ್ದರೆ ದಯವಿಟ್ಟು ಕಳೆದುಕೊಳ್ಳಬೇಡಿ.