ವಿದ್ಯಾರ್ಥಿಗಳ ಆಟ ಅವರ ಅಂಗಳದಲ್ಲೇ ಇರಲಿ

ದಾವಣಗೆರೆಯ ಬಿಸಿಲಲ್ಲಿ ಬೆಳೆದ ನಾನು ಮಿನಿಯಾಪೊಲಿಸ್‌ನಲ್ಲಿ ಮಗಳ ಜೊತೆ ಮೊದಲ ಸಲ ಕಾಲೇಜು ಮಟ್ಟದ ಅಮೆರಿಕನ್ ಫುಟ್‌ಬಾಲ್ ಪಂದ್ಯ ನೋಡಿದ್ದು ನವೆಂಬರ್ ಕೊನೆಯಲ್ಲಿ. ಎರಡು ಸ್ವೆಟರ್, ಉಣ್ಣೆ ಟೋಪಿ, ಫ್ಲಾಸ್ಕಿನಲ್ಲಿ ಕಾಫಿ. ಆದರೂ ಬೆರಳು ಮರಗಟ್ಟಿದ್ದವು. ಇಷ್ಟು ಚಳಿಯಲ್ಲಿ ಸೂರಿನಡಿ ಆಡಬಾರದೇ ಎಂದು ನನಗೂ ಅನಿಸಿತ್ತು.

ಅಲ್ಲಿನ ಮಿನ್ನೆಸೋಟ ವಿಶ್ವವಿದ್ಯಾಲಯ ಅದನ್ನೂ ಮಾಡಿ ನೋಡಿದೆ. 1982ರಲ್ಲಿ ಅದರ ತಂಡ ಕ್ಯಾಂಪಸ್ಸಿನ ಬಯಲು ಕ್ರೀಡಾಂಗಣ ಬಿಟ್ಟು ಪೇಟೆಯ ಚಾವಣಿಯುಳ್ಳ ಕ್ರೀಡಾಂಗಣ ಮೆಟ್ರೋಡೋಮ್ ಸೇರಿತು. ಒಳಗೆ ಬೆಚ್ಚಗಿತ್ತು, ನಿಜ. ಆದರೆ ಅದು ವೃತ್ತಿಪರ ತಂಡಗಳೊಂದಿಗೆ ಹಂಚಿಕೊಂಡ ಮನೆ; ಹಾಸ್ಟೆಲ್ಲಿನಿಂದ ಹರಟುತ್ತ ನಡೆದುಹೋಗುವ ಶನಿವಾರದ ಹಬ್ಬ ವಿದ್ಯಾರ್ಥಿಗಳ ಕೈತಪ್ಪಿತು. 2009ರಲ್ಲಿ ತಂಡ ಕ್ಯಾಂಪಸ್ಸಿನಲ್ಲೇ ಕಟ್ಟಿದ, ಸುಮಾರು 50,000 ಆಸನಗಳ ಬಯಲು ಕ್ರೀಡಾಂಗಣಕ್ಕೆ ಮರಳಿತು. ಮರುವರ್ಷ ಡಿಸೆಂಬರಿನಲ್ಲಿ ಹಿಮದ ಭಾರಕ್ಕೆ ಮೆಟ್ರೋಡೋಮಿನ ಚಾವಣಿಯೇ ಹರಿದು ಕುಸಿಯಿತು. ಅಲ್ಲಿ ಆಡುತ್ತಿದ್ದ ವೃತ್ತಿಪರ ವೈಕಿಂಗ್ಸ್ ತಂಡ ಕ್ಯಾಂಪಸ್ಸಿನ ಈ ಬಯಲಿಗೇ ಬಂದು ಆಡಬೇಕಾಯಿತು.

ಚಳಿ ಅಪಾಯದ ಮಟ್ಟ ಮುಟ್ಟಿದರೆ ಪಂದ್ಯ ಮುಂದೂಡಲಿ. ಮಕ್ಕಳಿಗೆ, ಹಿರಿಯರಿಗೆ ಬೆಚ್ಚಗಿನ ಕೋಣೆಗಳಿರಲಿ. ಆದರೆ ಆಟ ಕ್ಯಾಂಪಸ್ ಬಿಟ್ಟು ಹೋಗುವುದು ಬೇಡ. ಅಂದು ಪಕ್ಕದ ಸೀಟಿನ ಅಜ್ಜಿ ತಮ್ಮ ಕಂಬಳಿಯ ಅರ್ಧವನ್ನು ನನ್ನ ಮಗಳಿಗೆ ಹೊದಿಸಿದರು. ಆ ಬಿಸುಪನ್ನು ಯಾವ ಚಾವಣಿ ಕೊಟ್ಟೀತು?