ಕೋಣೆಯೊಳಗೊಂದು ಘಟ್ಟ

ಮಗನಿಗೆಂದು ಆಟದ ರೈಲನ್ನು ಕೊಂಡುತಂದು, ಮಗನು ಮಲಗಿದ ಮೇಲೆ ತಾವೇ ನೆಲದ ಮೇಲೆ ಕುಳಿತು ಅದನ್ನು ಓಡಿಸುವ ತಂದೆಯರು ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಯುರೋಪು ಅಮೆರಿಕಗಳಲ್ಲಿ ಈ ಗೀಳು ಅಲ್ಲಿಗೇ ನಿಲ್ಲುವುದಿಲ್ಲ. ಅಲ್ಲಿನ ಹವ್ಯಾಸಿಗಳು ಮನೆಯ ನೆಲಮಾಳಿಗೆಯನ್ನೋ ಅಟ್ಟವನ್ನೋ ಇದಕ್ಕೆಂದೇ ಬಿಟ್ಟುಕೊಟ್ಟು, ಅದರೊಳಗೆ ಊರು, ಹೊಳೆ, ಸೇತುವೆ, ಸುರಂಗಗಳನ್ನು ನಿರ್ಮಿಸಿ, ವೇಳಾಪಟ್ಟಿಗೆ ಸರಿಯಾಗಿ ಗಾಡಿಗಳನ್ನು ಓಡಿಸುತ್ತಾರೆ. ಇದನ್ನು ಮಕ್ಕಳಾಟವೆಂದು ನಗುವವರು ನಗಲಿ. ಇದರ ಹಿಂದಿರುವ ಲೆಕ್ಕಾಚಾರವು ಮಾತ್ರ ಮಕ್ಕಳಾಟವಲ್ಲ.

ಈ ಹವ್ಯಾಸಿಗಳ ಮೊದಲನೆಯ ಶತ್ರು ಸ್ಥಳಾಭಾವ. ಹೆಚ್ಚು ಬಳಕೆಯಲ್ಲಿರುವ ‘ಎಚ್‌ಓ’ ಎಂಬ ಪ್ರಮಾಣದಲ್ಲಿ ನಿಜವಾದ ದಾರಿಯ ೮೭ ಮೀಟರು ಮಾದರಿಯಲ್ಲಿ ಒಂದು ಮೀಟರಾಗುತ್ತದೆ. ಎರಡು ಹಳಿಗಳ ನಡುವಣ ಅಂತರ ೧೬.೫ ಮಿಲಿಮೀಟರು. ಇಷ್ಟು ಕಿರಿದಾಗಿಸಿದರೂ ಒಂದು ಕಿಲೋಮೀಟರಿನ ದಾರಿಗೆ ಹನ್ನೊಂದೂವರೆ ಮೀಟರು ಬೇಕು. ಮೂರು ಮೀಟರು ಅಗಲ, ನಾಲ್ಕು ಮೀಟರು ಉದ್ದದ ಕೋಣೆಯಲ್ಲಿ ನಾಲ್ಕು ಗೋಡೆಗಳನ್ನು ಬಳಸಿ ಬಂದರೂ ದೊರೆಯುವುದು ಹದಿನಾಲ್ಕು ಮೀಟರು. ಎಂದರೆ, ಮುಂದಿನ ಊರು ಬರುವ ಮೊದಲೇ ಗಾಡಿಯು ಹೊರಟ ಊರಿಗೇ ಮರಳಿ ಬಂದಿರುತ್ತದೆ! ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗಾದೆ. ಕಾಲನ್ನು ಮೇಲಕ್ಕೆ ಚಾಚಿದರೆ ಹೇಗೆ ಎಂದು ಯೋಚಿಸಿದವರು ಒಂದರ ಮೇಲೊಂದು ಅಂತಸ್ತಿನಲ್ಲಿ ರೈಲುದಾರಿಯನ್ನು ಕಟ್ಟತೊಡಗಿದರು.

ಹಿಂದೆ ಇಂಥ ದಾರಿಯ ನಕ್ಷೆಯನ್ನು ಪೆನ್ಸಿಲು ಕೈವಾರಗಳಿಂದ ಕಾಗದದ ಮೇಲೆ ಬರೆಯುತ್ತಿದ್ದರು. ಕಾಗದವು ಬಹಳ ಸಹನಶೀಲವಾದ ವಸ್ತು. ಎರಡು ಗೆರೆಗಳು ಒಂದನ್ನೊಂದು ದಾಟಿದೆಡೆ ‘ಇಲ್ಲಿ ಸೇತುವೆ’ ಎಂದು ಬರೆದರೆ ಅದು ಒಪ್ಪಿಕೊಳ್ಳುತ್ತದೆ. ಆ ಸೇತುವೆಯ ಎತ್ತರಕ್ಕೆ ಗಾಡಿಯು ಹತ್ತಿ ಬಂದೀತೆ ಎಂದು ಕೇಳುವುದಿಲ್ಲ. ಕಾಗದವು ಕೇಳದೆ ಬಿಟ್ಟ ಪ್ರಶ್ನೆಯನ್ನೇ ಈಗಿನ ತಂತ್ರಾಂಶಗಳು ಕೇಳುತ್ತವೆ. ಎಕ್ಸ್‌ಟ್ರ್ಯಾಕ್‌ಕ್ಯಾಡ್, ಎನಿರೈಲ್, ಸ್ಕಾರ್ಮ್ ಮೊದಲಾದವು ಇಂಥವು. ಇವುಗಳಲ್ಲಿ ಮೊದಲನೆಯದನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಹಲವು ತಯಾರಕರು ಮಾರುವ ಹಳಿತುಂಡುಗಳ ಅಳತೆಗಳು ಇವುಗಳಲ್ಲಿ ಮೊದಲೇ ಅಡಕವಾಗಿವೆ. ದಾರಿಯ ಎರಡು ಬಿಂದುಗಳ ಎತ್ತರವನ್ನು ಹೇಳಿದರೆ ಸಾಕು, ನಡುವಣ ಏರು ನೂರಕ್ಕೆ ಎಷ್ಟೆಂದು ಗಣಕಯಂತ್ರವು ಒಡನೆಯೇ ತೋರಿಸುತ್ತದೆ. ಒಂದೊಂದು ಅಂತಸ್ತನ್ನೂ ಒಂದೊಂದು ಪದರವಾಗಿರಿಸಿಕೊಂಡು, ಮೇಲಿನದನ್ನು ಮರೆಮಾಡಿ ಕೆಳಗಿನದನ್ನು ತಿದ್ದಬಹುದು.

ಒಂದು ಲೆಕ್ಕವನ್ನು ವಾಚಕರೂ ನನ್ನೊಡನೆ ಮಾಡಿ ನೋಡಬಹುದು. ಕೆಳಗಿನ ಅಂತಸ್ತಿಗಿಂತ ಮೇಲಿನದು ೪೦ ಸೆಂಟಿಮೀಟರು ಎತ್ತರದಲ್ಲಿದೆಯೆಂದು ಭಾವಿಸೋಣ. ಗಾಡಿಯನ್ನು ಅಲ್ಲಿಗೆ ಹತ್ತಿಸಲು ಸಾಮಾನ್ಯವಾಗಿ ಹೂಡುವ ಉಪಾಯವೆಂದರೆ ಸುರುಳಿದಾರಿ. ಗೋಪುರದೊಳಗಿನ ಸುತ್ತುಮೆಟ್ಟಿಲಿನಂತೆ ದಾರಿಯು ತನ್ನ ಮೇಲೆ ತಾನೇ ಸುತ್ತಿಕೊಂಡು ಏರುತ್ತದೆ. ಒಂದು ಸುತ್ತಿಗೂ ಅದರ ಮೇಲಿನ ಸುತ್ತಿಗೂ ನಡುವೆ ಗಾಡಿಯ ಎತ್ತರ, ಹಲಗೆ ಮತ್ತು ಹಳಿಗಳ ದಪ್ಪ ಎಲ್ಲವೂ ಸೇರಿ ಸುಮಾರು ೧೦ ಸೆಂಟಿಮೀಟರು ಬೇಕು. ಏರು ನೂರಕ್ಕೆ ಎರಡನ್ನು ಮೀರಬಾರದೆಂದರೆ ಒಂದು ಸುತ್ತು ಐದು ಮೀಟರು ಉದ್ದವಿರಬೇಕು. ಆಗ ವೃತ್ತದ ತ್ರಿಜ್ಯ ಸುಮಾರು ೮೦ ಸೆಂಟಿಮೀಟರು. ಮೂರು ಮೀಟರಿನ ಕೋಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಗಲವನ್ನು ಈ ಸುರುಳಿಯೊಂದೇ ನುಂಗಿತು! ನಾಲ್ಕು ಸುತ್ತಿಗೆ ಇಪ್ಪತ್ತು ಮೀಟರು ದಾರಿ. ಗಂಟೆಗೆ ೪೦ ಕಿಲೋಮೀಟರು ಓಡುವ ಗಾಡಿಯ ವೇಗವನ್ನು ಅದೇ ಪ್ರಮಾಣಕ್ಕೆ ಇಳಿಸಿದರೆ, ಮಾದರಿಯು ಈ ಇಪ್ಪತ್ತು ಮೀಟರನ್ನು ದಾಟಲು ಎರಡೂವರೆ ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಸುರುಳಿಯನ್ನು ಬೆಟ್ಟದಲ್ಲಿ ಮುಚ್ಚಿದ್ದರೆ ಅಷ್ಟು ಹೊತ್ತೂ ಗಾಡಿ ಅದೃಶ್ಯ. ಸಾಲದುದಕ್ಕೆ, ತಿರುವಿನಲ್ಲಿ ಚಕ್ರಗಳು ಹಳಿಗೆ ಉಜ್ಜುವುದರಿಂದ ಎಂಜಿನ್ನಿಗೆ ಭಾರ ಹೆಚ್ಚುತ್ತದೆ. ಈ ತ್ರಿಜ್ಯದಲ್ಲಿ ಅದು ನೂರಕ್ಕೆ ಇನ್ನೊಂದರಷ್ಟು ಏರಿಗೆ ಸಮವೆಂದು ಅನುಭವಿಗಳು ಎಣಿಸುತ್ತಾರೆ. ಸ್ಥಳವನ್ನು ಉಳಿಸಲೆಂದು ತ್ರಿಜ್ಯವನ್ನು ೬೦ ಸೆಂಟಿಮೀಟರಿಗೆ ಇಳಿಸಿದರೋ, ಏರು ನೂರಕ್ಕೆ ಎರಡೂವರೆಯನ್ನು ದಾಟಿಬಿಡುತ್ತದೆ.

ಇದು ಆಟಿಕೆಗೆ ಮಾತ್ರ ಬಂದ ಕಷ್ಟವಲ್ಲ. ಸ್ವಿಟ್ಜರ್ಲೆಂಡಿನಲ್ಲಿ ೧೮೮೨ರಲ್ಲಿ ತೆರೆದ ಗೊಟ್ಹಾರ್ಡ್ ದಾರಿಯು ಬೆಟ್ಟದೊಳಗೆ ಸುರುಳಿ ಸುತ್ತಿಯೇ ಮೇಲೇರುತ್ತದೆ. ವಾಸೆನ್ ಎಂಬ ಹಳ್ಳಿಯ ಚರ್ಚು ಪ್ರಯಾಣಿಕರಿಗೆ ಮೂರು ಸಲ, ಮೂರು ಬೇರೆ ಎತ್ತರಗಳಿಂದ ಕಾಣಿಸುತ್ತದೆ. ಅದೇ ದೇಶದ ಬ್ರೂಸಿಯೋದಲ್ಲಿ ೧೯೦೮ರ ಸುರುಳಿಸೇತುವೆಯ ತ್ರಿಜ್ಯ ೭೦ ಮೀಟರು. ನಮ್ಮ ೮೦ ಸೆಂಟಿಮೀಟರನ್ನು ೮೭ರಿಂದ ಗುಣಿಸಿದರೆ ಬರುವುದೂ ಹೆಚ್ಚುಕಡಿಮೆ ಅಷ್ಟೇ! ಇನ್ನು ನೂರಕ್ಕೆ ಎರಡರ ಏರು ಎಂಥದೆಂದು ಅರಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು ೫೫ ಕಿಲೋಮೀಟರಿನ ಘಟ್ಟದ ದಾರಿಯಲ್ಲಿ ಏರು ಐವತ್ತಕ್ಕೆ ಒಂದು. ಲೆಕ್ಕಕ್ಕೆ ಎರಡೂ ಒಂದೇ. ೫೭ ಸುರಂಗಗಳನ್ನು ಹಾಯುವ ಆ ದಾರಿಯಲ್ಲಿ ಭಾರದ ಗಾಡಿಗಳಿಗೆ ಹಿಂದಿನಿಂದಲೂ ಎಂಜಿನ್ನು ಹಚ್ಚಿ ನೂಕಬೇಕಾಗುತ್ತದೆ.

ಏರನ್ನು ಇಷ್ಟು ಚೊಕ್ಕವಾಗಿ ಎಣಿಸುವ ತಂತ್ರಾಂಶಕ್ಕೆ ತಿಳಿಯದ ಸಂಗತಿಗಳೂ ಉಂಟು. ನಮ್ಮ ತೋಳು ಎಷ್ಟು ಉದ್ದವೆಂಬುದು ಅದಕ್ಕೆ ತಿಳಿಯದು. ಜರ್ಮನಿಯ ಹವ್ಯಾಸಿಗಳು ಕೆಳಗಿನ ಅಂತಸ್ತಿನಲ್ಲಿ ‘ಶಾಟೆನ್‌ಬಾನ್‌ಹೋಫ್’ ಎಂದರೆ ‘ನೆರಳುನಿಲ್ದಾಣ’ವೊಂದನ್ನು ಬಚ್ಚಿಡುತ್ತಾರೆ, ಯಕ್ಷಗಾನದ ಚೌಕಿಯಲ್ಲಿ ವೇಷಧಾರಿಗಳು ತಮ್ಮ ಸರದಿಗಾಗಿ ಕಾದಿರುವಂತೆ ಗಾಡಿಗಳು ಅಲ್ಲಿ ಕಾದಿರುತ್ತವೆ. ತೆರೆಯ ಮೇಲೆ ಅದು ಬಹು ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಕಟ್ಟಕಡೆಯ ಹಳಿಯಲ್ಲಿ ಡಬ್ಬಿಯೊಂದು ಹಳಿ ತಪ್ಪಿದಾಗ, ಮುಕ್ಕಾಲು ಮೀಟರಿನಾಚೆ ಕೈಯೇ ಹೋಗದಿದ್ದರೆ ಆ ಅಚ್ಚುಕಟ್ಟುತನದಿಂದ ಬಂದ ಲಾಭವೇನು? ಹಾಗೆಯೇ, ಮೇಲಿನ ಅಂತಸ್ತು ಮನೆಯ ಮಗುವಿನ ಕಣ್ಣಿಗೆ ಎಟುಕುವುದೋ, ಕೆಳಗಿನದನ್ನು ನೋಡಲು ವೃದ್ಧರು ಬೆನ್ನು ಬಾಗಿಸಬೇಕಾದೀತೋ, ಇವನ್ನೂ ಅದು ಕೇಳುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಈ ರೈಲು ಏತಕ್ಕಾಗಿ ಓಡಬೇಕೆಂಬುದು ಅದಕ್ಕೆ ತಿಳಿಯದು. ಅಮೆರಿಕದ ಜಾನ್ ಆರ್ಮ್‌ಸ್ಟ್ರಾಂಗ್ ಎಂಬಾತನು ೧೯೬೩ರಲ್ಲಿ ‘ಟ್ರ್ಯಾಕ್ ಪ್ಲಾನಿಂಗ್ ಫಾರ್ ರಿಯಲಿಸ್ಟಿಕ್ ಆಪರೇಶನ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಗೆರೆ ಎಳೆಯುವ ಮೊದಲು ಎರಡು ಪಟ್ಟಿಗಳಿರಬೇಕೆಂಬುದು ಆತನು ಹಾಕಿಕೊಟ್ಟ ಪದ್ಧತಿ. ಒಂದು, ಬದಲಿಸಲಾಗದ ಸಂಗತಿಗಳದು: ಕೋಣೆಯ ಅಳತೆ, ಬಾಗಿಲು, ಕಿಟಕಿ, ಕೈಯಲ್ಲಿರುವ ಹಣ. ಇನ್ನೊಂದು, ಮನಸ್ಸಿನ ಆಸೆಗಳದು: ಅದಿರು ಸಾಗಿಸುವ ದಾರಿಯೋ, ಜನಸಂದಣಿಯ ನಿಲ್ದಾಣವೋ, ಕಾಡಿನ ನಡುವೆ ಒಂಟಿಯಾಗಿ ಸಾಗುವ ಗಾಡಿಯೋ. ಆರು ದಶಕಗಳು ಕಳೆದರೂ ಆ ಎರಡನೆಯ ಪಟ್ಟಿಯನ್ನು ಬರೆದುಕೊಡುವ ಯಂತ್ರ ಬಂದಿಲ್ಲ. ಕಂದಪದ್ಯದ ಅರವತ್ತನಾಲ್ಕು ಮಾತ್ರೆಗಳನ್ನು ಎಣಿಸಿ ಸರಿತಪ್ಪು ಹೇಳುವುದು ಯಂತ್ರಕ್ಕೆ ಸುಲಭ; ಕಂದವನ್ನು ಯಾವ ಭಾವಕ್ಕಾಗಿ ಬರೆಯಬೇಕೆಂಬುದನ್ನು ಕವಿಯೇ ನಿಶ್ಚಯಿಸಬೇಕು.

ತಂತ್ರಾಂಶದಿಂದ ಒದಗುವ ಅಪಾಯವೂ ಒಂದುಂಟು. ತಿದ್ದುವುದು ಅದರಲ್ಲಿ ಅತಿ ಸುಲಭ. ಮರವನ್ನು ಒಮ್ಮೆ ಕೊಯ್ದರೆ ಕೊಯ್ದಂತೆಯೇ. ತೆರೆಯ ಮೇಲಿನ ಗೆರೆಯನ್ನು ನೂರು ಸಲ ಅಳಿಸಬಹುದು. ಆದ್ದರಿಂದ ನಕ್ಷೆಯ ಮೇಲೆ ನಕ್ಷೆ ಬರೆಯುತ್ತ, ಇನ್ನೂ ಸೊಗಸಾದೊಂದು ಹೊಳೆದೀತೆಂದು ಕಾಯುತ್ತ, ವರ್ಷಗಳನ್ನೇ ಕಳೆಯುವವರು ಈ ಹವ್ಯಾಸದಲ್ಲಿ ಕಡಿಮೆಯಿಲ್ಲ. ಕೋಣೆಯಂತೆ ಆಯುಸ್ಸೂ ಅಳತೆಯುಳ್ಳದ್ದು. ಅದಕ್ಕೆ ಮಾತ್ರ ಎರಡನೆಯ ಅಂತಸ್ತನ್ನು ಕಟ್ಟಲಾಗದು.

ಆದಕಾರಣ ಈ ಹವ್ಯಾಸಕ್ಕೆ ಕೈಹಾಕುವವರು ಏರು, ಅಂತರ, ತಿರುವುಗಳ ಲೆಕ್ಕವನ್ನು ಯಂತ್ರಕ್ಕೆ ವಹಿಸಲಿ. ಅದು ಬೇಡವೆಂದುದನ್ನು ಹಟದಿಂದ ಕಟ್ಟದಿರಲಿ. ಗೋಡೆಗೆ ರಟ್ಟಿನ ಪೆಟ್ಟಿಗೆಗಳನ್ನು ಒರಗಿಸಿ, ಎರಡು ಅಂತಸ್ತುಗಳ ಎತ್ತರ ತಮ್ಮ ಕಣ್ಣಿಗೂ ಕೈಗೂ ಒಗ್ಗುವುದೇ ಎಂದು ಪರೀಕ್ಷಿಸಲಿ. ಬಳಿಕ ನಕ್ಷೆಯನ್ನು ನಿಜವಾದ ಅಳತೆಯಲ್ಲಿಯೇ ಮುದ್ರಿಸಿ, ಹಲಗೆಯ ಮೇಲೆ ಹಾಸಿ, ಸುರುಳಿಯ ಒಂದೇ ಒಂದು ಸುತ್ತನ್ನು ಕಟ್ಟಿ, ಎಂಜಿನ್ನಿಗೆ ಡಬ್ಬಿಗಳನ್ನು ಹೂಡಿ ಓಡಿಸಿ ನೋಡಲಿ. ಹತ್ತಿದರೆ ಉಳಿದ ಮೂರು ಸುತ್ತುಗಳನ್ನು ಧೈರ್ಯವಾಗಿ ಕಟ್ಟಬಹುದು. ಹತ್ತದಿದ್ದರೆ ಒಂದೇ ಅಂತಸ್ತಿನಲ್ಲಿ ಓಡಿಸಬಹುದು. ಅಲ್ಲಿಯೂ ಒಂದು ನಿಲ್ದಾಣಕ್ಕೆ, ಒಂದು ಸೇತುವೆಗೆ, ಹೊತ್ತಿಗೆ ಸರಿಯಾಗಿ ಬರುವ ಒಂದು ಗಾಡಿಗೆ ಸ್ಥಳವಿದ್ದೇ ಇರುತ್ತದೆ.