ಮಗ್ಗದ ಹತ್ತಿರವೇ ಬಾಡಿಗೆ ಮನೆ ಬೇಕು

ಬಡವರಿಗೆ ಸೂರು ಎಂದಾಕ್ಷಣ ಊರಾಚೆಯ ನಿವೇಶನ ಹುಡುಕುವುದು ನಮ್ಮ ಆಡಳಿತದ ರೂಢಿ. ರಬಕವಿ-ಬನಹಟ್ಟಿಯಂಥ ನೇಕಾರರ ಊರಿಗೆ ಈ ದಾರಿ ಒಗ್ಗದು. ಇಲ್ಲಿ ಮಗ್ಗ, ನೂಲಿನ ಅಂಗಡಿ, ಸೀರೆ ವ್ಯಾಪಾರ, ಶಾಲೆ ಎಲ್ಲವೂ ಹಳೆಯ ಓಣಿಗಳಲ್ಲೇ ಹೆಣೆದುಕೊಂಡಿವೆ. ಕೂಲಿ ನೇಕಾರನಿಗೆ ನೇಯ್ದಷ್ಟೇ ಮಜೂರಿ. ದಾರಿಯಲ್ಲಿ ಕಳೆದ ಹೊತ್ತು ಕಳೆದ ಗಳಿಕೆಯೇ. ಕಂಡಿಕೆಗೆ ನೂಲು ಸುತ್ತುವ ಹೆಂಗಸರು ಮನೆಗೆಲಸದ ನಡುವೆಯೂ ದುಡಿಯಬಲ್ಲದ್ದು ಮಗ್ಗ ಹತ್ತಿರವಿದ್ದಾಗ ಮಾತ್ರ. ಊರಾಚೆ ಬಾಡಿಗೆಯಲ್ಲಿ ಉಳಿದ ಹಣವನ್ನು ಟಂಟಂ ಆಟೊ ಖರ್ಚು ನುಂಗುತ್ತದೆ. ಜಮಖಂಡಿಯ ವಿದ್ಯಾರ್ಥಿಗಳು, ಮುಧೋಳದ ಸಕ್ಕರೆ ಕಾರ್ಖಾನೆ ಕಾರ್ಮಿಕರು, ಬೀಳಗಿಯ ಸಣ್ಣ ನೌಕರರು, ಎಲ್ಲರಿಗೂ ಲೆಕ್ಕ ಇದೇ.

ಬಾಡಿಗೆಗಿಂತ ಸ್ವಂತ ಮನೆ ಮೇಲಲ್ಲವೇ ಎನ್ನುವವರಿದ್ದಾರೆ. ಆ ಆಸೆ ನ್ಯಾಯವಾದದ್ದೇ. ಆದರೆ ಸಾಲ ತೀರಿಸುವ ಸ್ಥಿರ ಆದಾಯವಿಲ್ಲದವರಿಗೆ ಇವತ್ತೇ ಸೂರು ಬೇಕು. ಪೇಟೆಯ ಜಾಗ ದುಬಾರಿ ಎಂಬ ಆಕ್ಷೇಪಕ್ಕೆ ಉತ್ತರ, ಇದ್ದ ಮನೆಗಳ ಮೇಲೆ ಒಂದು ಅಂತಸ್ತು ಏರಿಸಲು, ಪಾಳುಬಿದ್ದ ಮನೆಗಳನ್ನು ದುರಸ್ತಿ ಮಾಡಲು ಮಾಲೀಕರಿಗೆ ನೆರವು ಕೊಡುವುದು. ಬಾಡಿಗೆದಾರ ಮನೆ ಬಿಡದಿದ್ದರೆ ಎಂಬ ಮಾಲೀಕರ ಭಯವೂ ಸುಳ್ಳಲ್ಲ. ಅದಕ್ಕೆ ಲಿಖಿತ ಕರಾರು ಮತ್ತು ಬೇಗ ಮುಗಿಯುವ ವ್ಯಾಜ್ಯ ಪರಿಹಾರವೇ ಮದ್ದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಇವೆರಡನ್ನೂ ಸೂಚಿಸಿ, ವಾಸದ ಮನೆಯ ಮುಂಗಡವನ್ನು 2 ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆಯ 2ನೇ ಹಂತದಲ್ಲಿ ಕೈಗೆಟಕುವ ಬಾಡಿಗೆ ಮನೆಗಳಿಗೂ ಅವಕಾಶವಿದೆ. ನಗರಸಭೆ, ಪಟ್ಟಣ ಪಂಚಾಯಿತಿಗಳು ಪೇಟೆಯೊಳಗಿನ ಖಾಲಿ ಸರ್ಕಾರಿ ಜಾಗಗಳನ್ನು ಗುರುತಿಸಿ ಈ ಅವಕಾಶ ಬಳಸಿಕೊಳ್ಳಲಿ. ದುಡಿಮೆಯಿಂದ ದೂರ ತಳ್ಳುವ ಮನೆ ಬಡವರ ಬದುಕನ್ನು ಎತ್ತಿಹಿಡಿಯಲಾರದು.